ಅಚ್ಚ ಕನ್ನಡವೆಂಬ ಹೊಗಳಿಕೆ

2024ರ ಜುಲೈ 11ರ ರಾತ್ರಿ ವಾಟ್ಸ್ಆ್ಯಪ್ ಗುಂಪೊಂದರಲ್ಲಿ ಅಪರ್ಣಾ ತೀರಿಕೊಂಡರೆಂದು ಬಂತು. ನಂಬಿಕೆಯಾಗದೆ ಟೀವಿ ಹಾಕಿದೆ. ಸುದ್ದಿ ನಿಜವಾಗಿತ್ತು. ಶ್ವಾಸಕೋಶದ ಕ್ಯಾನ್ಸರ್, 57 ವರ್ಷ. ತೆರೆಯ ಮೇಲೆ ಅವರ ಹಳೆಯ ಫೋಟೋಗಳು ಒಂದರ ಹಿಂದೊಂದು ಓಡುತ್ತಿದ್ದವು, ಹಿಂದೆ ಕೊಳಲಿನ ಶೋಕಸಂಗೀತ, ಅದರ ಮೇಲೆ ಆ್ಯಂಕರ್ ಒಬ್ಬರ ಮಾತು. ಆ ಹುಡುಗನಿಗೆ ನಿಜವಾಗಿಯೂ ದುಃಖವಾಗಿದ್ದಂತೆ ಕಂಡಿತು. ಆದರೆ ಅವನು ಶುರು ಮಾಡಿದ ವಾಕ್ಯಗಳಿಗೆ ಕೊನೆ ಎಲ್ಲಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ‘ಅಚ್ಚ ಕನ್ನಡದ ಅಚ್ಚುಮೆಚ್ಚಿನ ನಿರೂಪಕಿ ಏನಿದ್ದಾರೆ, ಅವರು ಇವತ್ತು ಏನು ನಮ್ಮನ್ನೆಲ್ಲ ಅಗಲಿದ್ದಾರೆ...’ ಹೀಗೆ ಒಂದೇ ಮಾತನ್ನು ಮೂರು ಸಲ ಸುತ್ತಿ ನಾಲ್ಕನೆಯ ಸಲಕ್ಕೆ ಜಾಹೀರಾತು ಬಂತು.

ಮರುದಿನ ಎಲ್ಲೆಲ್ಲೂ ಅದೇ ಮೂರು ಹೊಗಳಿಕೆ: ಅಚ್ಚ ಕನ್ನಡ, ಸ್ವಚ್ಛ ಕನ್ನಡ, ಸ್ಪಷ್ಟ ಉಚ್ಚಾರಣೆ. ನಾನೂ ನನ್ನ ಸ್ಟೇಟಸ್ಸಿನಲ್ಲಿ ಅದನ್ನೇ ಬರೆದೆ. ಕನ್ನಡ ಮೇಷ್ಟ್ರಾದವನು ಇನ್ನೇನು ಬರೆದಾನು? ಆ ಹೊಗಳಿಕೆ ಸುಳ್ಳಲ್ಲ. ಆದರೆ ಅದು ಅವರ ವೃತ್ತಿಯ ನಿಜವಾದ ಹೆಚ್ಚುಗಾರಿಕೆಯನ್ನು ಬಿಟ್ಟು ಬೇರೆಯದನ್ನು ಹಿಡಿದುಕೊಂಡಿದೆ, ಹಾಗೆ ಹಿಡಿದುಕೊಂಡದ್ದರಿಂದ ನಮ್ಮ ಕಡೆಯ ಕೆಲವರಿಗೆ ಅನ್ಯಾಯವೂ ಆಗಿದೆ ಎಂದು ಈಗ ಅನ್ನಿಸುತ್ತಿದೆ. ಆ ಅನ್ಯಾಯದಲ್ಲಿ ನನ್ನದೂ ಪಾಲಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅವರ ವೃತ್ತಿಯ ಕಡೆ ನೋಡೋಣ. ಚಿಕ್ಕಮಗಳೂರು ಜಿಲ್ಲೆಯ ಕಡೂರು ಸೀಮೆಯ ಮೂಲದವರು, ತಂದೆ ಸಿನಿಮಾ ಪತ್ರಕರ್ತರು. ಹದಿಹರೆಯದಲ್ಲೇ ಪುಟ್ಟಣ್ಣ ಕಣಗಾಲರ ಕೊನೆಯ ಸಿನಿಮಾ ‘ಮಸಣದ ಹೂವು’ವಿನಲ್ಲಿ ನಟಿಸಿದರು. ಹಾಗೆ ಶುರುವಾದವರು ಸಿನಿಮಾದಲ್ಲೇ ಉಳಿಯುವುದು ರೂಢಿ. ಅಪರ್ಣಾ ಮೈಕಿನ ಕಡೆ ಹೊರಳಿದರು. ಆಕಾಶವಾಣಿಯ ವಿವಿಧ ಭಾರತಿ, ಎಫ್‌ಎಂ ರೈನ್‌ಬೋ, ಬೆಂಗಳೂರು ದೂರದರ್ಶನ, ಸರ್ಕಾರದ ದೊಡ್ಡ ಸಮಾರಂಭಗಳ ವೇದಿಕೆ. 1998ರ ದೀಪಾವಳಿಯಂದು ದೂರದರ್ಶನದಲ್ಲಿ ಸತತ ಎಂಟು ಗಂಟೆ ನಿರೂಪಣೆ ಮಾಡಿದ್ದನ್ನು ಈಗಲೂ ನೆನೆಯುವವರಿದ್ದಾರೆ. ಆಮೇಲೆ ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳು, 2013ರಲ್ಲಿ ಬಿಗ್ ಬಾಸ್ ಕನ್ನಡದ ಮೊದಲ ಆವೃತ್ತಿ, 2015ರಿಂದ ‘ಮಜಾ ಟಾಕೀಸ್’ನ ವರಲಕ್ಷ್ಮಿ. ಇವೆಲ್ಲದರ ಜೊತೆಗೆ ನಮ್ಮ ಮೆಟ್ರೋದ ದನಿ.

ಅವರು ಇಪ್ಪತ್ತನಾಲ್ಕು ಗಂಟೆಯ ಸುದ್ದಿ ವಾಹಿನಿಗಳ ಆ್ಯಂಕರ್ ಅಲ್ಲ. ಆದರೂ ಕನ್ನಡದಲ್ಲಿ ಸುದ್ದಿ ಓದಲು ಹೊರಟವರಿಗೆಲ್ಲ ಮೂವತ್ತು ವರ್ಷಗಳಿಂದ ಅಳತೆಗೋಲು ಅವರೇ. ‘ಅಪರ್ಣಾ ತರ ಮಾತಾಡಬೇಕು’ ಎನ್ನುವುದು ಒಂದು ಪಾಠವಾಗಿಬಿಟ್ಟಿದೆ. ಆ ‘ತರ’ ಎಂದರೆ ಯಾವ ತರ ಎನ್ನುವುದು ನನ್ನ ಪ್ರಶ್ನೆ.

*

ನಾನು ಬೆಳೆದದ್ದು ದೊಡ್ಡಬಳ್ಳಾಪುರದಲ್ಲಿ, ಪವರ್‌ಲೂಮ್ ಇದ್ದ ಮನೆಯಲ್ಲಿ. ಆ ಮನೆಗಳನ್ನು ಕಂಡವರಿಗೆ ಗೊತ್ತು, ಮಗ್ಗ ಓಡುತ್ತಿರುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ನಾವು ಕಣ್ಣಲ್ಲಿ, ಕೈಯಲ್ಲಿ, ತುಟಿ ನೋಡಿಕೊಂಡು ಮಾತಾಡುವವರು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ನಮ್ಮ ಬೀದಿಗೆ ಟೀವಿ ಬಂದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಬಂದ ಮೇಲೂ ಅದು ಹೆಚ್ಚಿನ ಹೊತ್ತು ಮೂಕಿಯೇ. ಸಿನಿಮಾ ಹಾಡನ್ನೂ ತುಟಿ ನೋಡಿಯೇ ಕೇಳಿದ್ದೇವೆ. ಅಪ್ಪ ಮಗ್ಗ ನಿಲ್ಲಿಸುತ್ತಿದ್ದದ್ದು ಸಂಜೆಯ ವಾರ್ತೆಗೆ ಮಾತ್ರ. ಮಗ್ಗ ನಿಂತರೆ ಕೂಲಿ ನಿಂತ ಹಾಗೆ. ಆ ಹದಿನೈದು ನಿಮಿಷ ಅಪ್ಪ ತನ್ನ ಕೂಲಿ ಕೊಟ್ಟು ಕೊಂಡ ಹೊತ್ತು. ಆ ಹೊತ್ತಿನಲ್ಲಿ ಮಾತಾಡುವವರು ಗೊಣಗಿದರೆ, ಅವಸರ ಮಾಡಿದರೆ, ಅಪ್ಪ ‘ಥೂ’ ಎಂದು ಎದ್ದು ಮತ್ತೆ ಸ್ವಿಚ್ ಹಾಕುತ್ತಿದ್ದ. ಸುದ್ದಿ ಓದುವವರ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಆ ಸ್ವಿಚ್ಚಿನದು.

ಆಗ ಅವರನ್ನು ವಾರ್ತಾವಾಚಕರು ಎನ್ನುತ್ತಿದ್ದರು. ರೇಡಿಯೋದಲ್ಲಂತೂ ‘ಓದುತ್ತಿರುವವರು’ ಎಂದು ಹೇಳಿ ಹೆಸರು ಹೇಳಿದರೆ ಮುಗಿಯಿತು. ಆ ಪದದಲ್ಲಿ ಒಂದು ಒಪ್ಪಂದವಿದೆ. ಸುದ್ದಿ ನನ್ನದಲ್ಲ, ಬರೆದವರು ಬೇರೆ, ನಡೆದದ್ದು ಬೇರೆ ಎಲ್ಲೋ, ನಾನು ಓದುತ್ತಿದ್ದೇನೆ ಅಷ್ಟೆ. ಅವರ ಕೆಲಸದ ಸ್ವರೂಪವೂ ಹಾಗೆಯೇ ಇತ್ತು. ಆಕಾಶವಾಣಿ, ದೂರದರ್ಶನಗಳಲ್ಲಿ ಓದಿದ ಎಷ್ಟೋ ಜನ ಖಾಯಂ ನೌಕರರಲ್ಲ. ತಿಂಗಳಿಗೆ ಇಷ್ಟು ದಿನ ಎಂದು ಕರೆಸಿ, ಓದಿದ ಸರದಿಗೆ ಸಂಭಾವನೆ ಕೊಟ್ಟು ಕಳಿಸುತ್ತಿದ್ದರು. ನಾಡಿಗೆಲ್ಲ ಗೊತ್ತಿರುವ ದನಿ, ಮನೆಗೆ ಒಯ್ಯುವುದು ಒಂದು ಥರದ ಕೂಲಿ. ನಮ್ಮ ಬೀದಿಯ ಲೆಕ್ಕಾಚಾರಕ್ಕೆ ಅದು ದೂರದ್ದೇನಲ್ಲ.

ವಾಚಕರ ಜೊತೆಜೊತೆಗೇ ಬಂದ ಇನ್ನೊಂದು ಪದ ನಿರೂಪಕಿ. ಹಾಡಿಗೂ ಹಾಡಿಗೂ ನಡುವೆ, ಭಾಷಣಕ್ಕೂ ಭಾಷಣಕ್ಕೂ ನಡುವೆ ನಿಂತು ಮಾತಾಡುವವರು. ಇವರ ಕೈಯಲ್ಲಿ ಬರೆದ ಹಾಳೆ ಇರುತ್ತದೆ, ಇಲ್ಲದೆಯೂ ಇರುತ್ತದೆ. ಅತಿಥಿ ತಡವಾದರೆ, ಕರೆಂಟು ಹೋದರೆ ಆ ತೆರಪನ್ನು ಮಾತಿನಿಂದ ತುಂಬಬೇಕು. ತುಂಬಿದ್ದು ಗೊತ್ತಾಗಬಾರದು. ಅಪರ್ಣಾ ಈ ಕೆಲಸವನ್ನು ಒಂದು ವೃತ್ತಿ ಎನ್ನುವ ಮಟ್ಟಕ್ಕೆ ತಂದವರು. ಅವರಿಗಿಂತ ಮೊದಲು ಕಾರ್ಯಕ್ರಮ ನೆನಪಿರುತ್ತಿತ್ತು, ನಿರೂಪಿಸಿದವರ ಹೆಸರು ನೆನಪಿರುತ್ತಿದ್ದದ್ದು ಅಪರೂಪ.

ಅವರ ಹಳೆಯ ಧ್ವನಿಮುದ್ರಿಕೆ, ವೀಡಿಯೋಗಳನ್ನು ಇತ್ತೀಚೆಗೆ ಬಿಡದೆ ಕೇಳಿದೆ. ಮೂರು ಸಂಗತಿ ಗಮನಕ್ಕೆ ಬಂದವು.

ಮೊದಲನೆಯದು, ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಏನನ್ನು, ಎಲ್ಲಿ, ಯಾರಿಗೆ ಎಂಬುದೆಲ್ಲ ಮುಗಿದ ಮೇಲೆ ಏನಾಯಿತು ಎನ್ನುವುದು. ಹಾಗಾಗಿ ಮಾತಾಡುವವರು ಕೊನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಶುರು ಮಾಡಬೇಕು, ಇಲ್ಲದಿದ್ದರೆ ದಾರಿ ತಪ್ಪುತ್ತದೆ. ‘ಏನಿದೆ’, ‘ಏನಂದರೆ’, ‘ಅನ್ನುವಂಥದ್ದು’ ಎಂಬ ಇವತ್ತಿನ ಟೀವಿ ಕನ್ನಡದ ಊರುಗೋಲುಗಳೆಲ್ಲ ಹಾಗೆ ದಾರಿ ತಪ್ಪಿದವರು ಹಿಡಿದುಕೊಂಡವು. ಅಪರ್ಣಾ ಎಷ್ಟೇ ಉದ್ದದ ವಾಕ್ಯ ಹಿಡಿದರೂ ಕ್ರಿಯಾಪದವನ್ನು ತಲುಪುತ್ತಾರೆ, ಅಲ್ಲಿ ದನಿ ಇಳಿಯುತ್ತದೆ, ಕೇಳುವವರಿಗೆ ಒಂದು ಮೆಟ್ಟಿಲು ಸಿಕ್ಕ ಹಾಗಾಗುತ್ತದೆ.

ಎರಡನೆಯದು, ಹೆಸರು. ಹೆಸರು ಬಂದಾಗ ಅವರ ವೇಗ ಕೂದಲೆಳೆಯಷ್ಟು ತಗ್ಗುತ್ತದೆ. ದೊಡ್ಡವರ ಹೆಸರಿಗೆ ಹೆಚ್ಚು, ಚಿಕ್ಕವರ ಹೆಸರಿಗೆ ಕಡಿಮೆ ಎಂದಿಲ್ಲ. ಮಂತ್ರಿಯ ಹೆಸರಿಗೆ ಕೊಟ್ಟ ಜಾಗವನ್ನೇ ತಬಲಾ ಸಾಥಿಯ ಹೆಸರಿಗೂ ಕೊಡುತ್ತಾರೆ.

ಮೂರನೆಯದು, ಮೌನ. ಹೇಳಿ ಮುಗಿಸಿದ ಮೇಲೆ ಒಂದು ಗಳಿಗೆ ಬಿಡುತ್ತಾರೆ. ಕೇಳಿದ್ದು ಇಳಿಯಲು ಬೇಕಾದಷ್ಟು ಹೊತ್ತು.

ಈ ಮೂರೂ ಮೆಟ್ರೋದಲ್ಲಿ ಒಟ್ಟಿಗೆ ಸಿಗುತ್ತವೆ. ನಮ್ಮೂರಿಗೆ ಮೆಟ್ರೋ ಇಲ್ಲ. ದೊಡ್ಡಬಳ್ಳಾಪುರದಿಂದ ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿಳಿದು ಹಸಿರು ಮಾರ್ಗ ಹತ್ತುತ್ತೇವೆ. ನೆಲಮಂಗಲದ ಕಡೆಯವರು ಈಗ ಮಾದಾವರದಲ್ಲಿ ಹತ್ತಬಹುದು, 2024ರ ನವೆಂಬರಿನಿಂದ. ಮೊದಲ ಸಲ ಮೆಟ್ರೋ ಹತ್ತಿದ ನನ್ನ ಚಿಕ್ಕಮ್ಮ ಕಂಬಿ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಓದು ಬರದವಳು. ಬಾಗಿಲ ಮೇಲಿನ ನಕ್ಷೆ ಅವಳಿಗೆ ಯಾವ ಉಪಯೋಗಕ್ಕೂ ಇಲ್ಲ. ‘ಮುಂದಿನ ನಿಲ್ದಾಣ’ ಎಂದ ಮೇಲೆ ಒಂದು ಚಿಕ್ಕ ತೆರಪು, ಆಮೇಲೆ ಹೆಸರು. ಆ ತೆರಪಿನಲ್ಲಿ ಅವಳು ಕಿವಿ ಚುರುಕು ಮಾಡಿಕೊಳ್ಳುತ್ತಿದ್ದಳು. ಇಳಿದ ಮೇಲೆ, ‘ಯಾರೋ ಮನೇವ್ರು ಜೊತೇಲಿದ್ದಂಗಿತ್ತು ಕಣಪ್ಪ’ ಅಂದಳು. ಎಲ್ಲರೂ ಮೆಟ್ರೋದ ಅಪರ್ಣಾರನ್ನು ಅಮರ ದನಿ ಎಂದು ಬರೆದರು. ನನಗೆ ಹೆಚ್ಚು ಮುಖ್ಯವೆನಿಸುವುದು ಆ ಅರ್ಧ ಕ್ಷಣದ ತೆರಪು. ಅದು ಓದು ಬರದವರಿಗಾಗಿ ಬಿಟ್ಟ ಜಾಗ.

ಇವು ಯಾವುವೂ ಉಚ್ಚಾರಣೆಗೆ ಸಂಬಂಧಪಟ್ಟವಲ್ಲ ಎಂಬುದನ್ನು ಗಮನಿಸಬೇಕು. ಇವು ಕೇಳುವವರನ್ನು ಕುರಿತವು.

*

ವಿಮರ್ಶೆ ಎಂದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ವೇದಿಕೆಯ ಮೇಲಿನ ಅಪರ್ಣಾ ನನಗೆ ಯಾವಾಗಲೂ ಒಪ್ಪಿಗೆಯಾಗಿದ್ದಾರೆಂದಲ್ಲ. ಸರ್ಕಾರಿ ಸಮಾರಂಭಗಳ ನಿರೂಪಣೆಗೆ ಒಂದು ಸಾಲಂಕೃತ ಭಾಷೆ ಇದೆ. ಸಮಾಸಗಳ ಮಾಲೆ, ಪ್ರಾಸ, ಸ್ವಾಗತಕ್ಕೊಂದು ಉಪಮೆ, ವಂದನೆಗೊಂದು ಉಪಮೆ. ಅವರೂ ಅದನ್ನು ಬಳಸಿದರು. ಅವರ ಬಾಯಲ್ಲಿ ಅದು ನಿಲ್ಲುತ್ತಿತ್ತು, ಏಕೆಂದರೆ ಅಲಂಕಾರದ ಕೆಳಗೆ ಅಳತೆ ಇತ್ತು. ಅವರನ್ನು ಅನುಸರಿಸಿದ ಒಂದಿಡೀ ತಲೆಮಾರು ಅಳತೆಯನ್ನು ಬಿಟ್ಟು ಅಲಂಕಾರವನ್ನು ತೆಗೆದುಕೊಂಡಿತು. ಇವತ್ತು ಯಾವ ತಾಲ್ಲೂಕು ಸಮ್ಮೇಳನಕ್ಕೆ ಹೋದರೂ ಅಧ್ಯಕ್ಷರನ್ನು ವೇದಿಕೆಗೆ ಕರೆಯುವುದಕ್ಕೆ ಮೂರು ನಿಮಿಷ ಹಿಡಿಯುತ್ತದೆ. ನೆಲ ಜಲ ಬೆಳಕುಗಳೆಲ್ಲ ಬಂದು ಹೋದ ಮೇಲೆ ಅಧ್ಯಕ್ಷರು ಬರುತ್ತಾರೆ. ಆ ಹೊತ್ತಿಗೆ ಹಿಂದಿನ ಸಾಲಿನ ಹುಡುಗರು ಟೀ ಕುಡಿಯಲು ಹೋಗಿರುತ್ತಾರೆ.

ಅಪರ್ಣಾ ಅವರಿಗೆ ಈ ಅಪಾಯ ಗೊತ್ತಿತ್ತು ಎನ್ನುವುದಕ್ಕೆ ನನಗೆ ವರಲಕ್ಷ್ಮಿಯೇ ಸಾಕ್ಷಿ. ‘ಮಜಾ ಟಾಕೀಸ್’ನ ಆ ಪಾತ್ರ ತನ್ನ ಬಗ್ಗೆ ತಾನೇ ಕೊಚ್ಚಿಕೊಳ್ಳುವ, ಮಾತು ನಿಲ್ಲಿಸದ ಹೆಂಗಸು. ಅದನ್ನು ಕಂಡು ಬೇಸರಪಟ್ಟ ಸಾಹಿತ್ಯದ ಗೆಳೆಯರಿದ್ದರು. ‘ಇಂಥಾ ದನಿಯನ್ನು ಇದಕ್ಕೆ ಹಾಳು ಮಾಡಬೇಕಿತ್ತಾ?’ ಎನ್ನುತ್ತಿದ್ದರು. ನಾನು ಅದನ್ನು ಬೇರೆ ಥರ ನೋಡುತ್ತೇನೆ. ಜೀವಮಾನವಿಡೀ ಇನ್ನೊಬ್ಬರನ್ನು ಪರಿಚಯಿಸಿದ ಬಾಯಿ ಇಲ್ಲಿ ತನ್ನನ್ನೇ ಪರಿಚಯಿಸಿಕೊಂಡು ತಾನೇ ಚಪ್ಪಾಳೆ ಹೊಡೆದುಕೊಳ್ಳುತ್ತದೆ. ನಿರೂಪಕಿಯ ಅಹಂಕಾರ ಹೇಗಿದ್ದಿರಬಹುದು ಎಂಬುದರ ಅಣಕು ಅದು. ಆ ಕಸುಬಿನ ಎಲ್ಲ ಪಟ್ಟುಗಳೂ ಗೊತ್ತಿದ್ದವರಿಗಷ್ಟೇ ಅವನ್ನು ಅಷ್ಟು ಕರಾರುವಾಕ್ಕಾಗಿ ಕೆಡಿಸಲು ಬರುವುದು.

*

ಮೂರನೆಯ ಪದ ಆ್ಯಂಕರ್. ಇದು ಕನ್ನಡದಲ್ಲಿ ನೆಲೆಯಾದದ್ದು 2006ರ ಕೊನೆಗೆ ಟಿವಿ9 ಶುರುವಾದ ಮೇಲೆ. ಸುದ್ದಿ ಹದಿನೈದು ನಿಮಿಷದ್ದಲ್ಲ, ಇಡೀ ದಿನದ್ದಾಯಿತು. ಓದುವುದಕ್ಕೆ ಅಷ್ಟು ಹಾಳೆ ಎಲ್ಲಿಂದ ತರುವುದು? ಹಾಳೆ ಮುಗಿದರೂ ಕ್ಯಾಮೆರಾ ಮುಗಿಯುವುದಿಲ್ಲ. ಹಾಗಾಗಿ ವಾಚಕರು ನಿರೂಪಕರ ಕೆಲಸವನ್ನೂ ಮಾಡಬೇಕಾಯಿತು. 1998ರ ದೀಪಾವಳಿಯಂದು ದಾಖಲೆ ಎನ್ನಿಸಿಕೊಂಡ ಸತತ ಮಾತು ಈಗ ದಿನನಿತ್ಯದ ಪಾಳಿ.

ಇದರಲ್ಲಿ ಎಲ್ಲವೂ ನಷ್ಟ ಎನ್ನುವವರ ಜೊತೆ ನಾನಿಲ್ಲ. 2012ರಲ್ಲಿ ಎಚ್.ಆರ್. ರಂಗನಾಥ್ ಪಬ್ಲಿಕ್ ಟೀವಿ ಶುರು ಮಾಡಿ ತಾವೇ ಕ್ಯಾಮೆರಾ ಮುಂದೆ ಕೂತರು. ಪತ್ರಿಕೆಯ ಸಂಪಾದಕರಾಗಿದ್ದವರು. ಅವರದು ಓದುವ ದನಿಯೂ ಅಲ್ಲ, ನಿರೂಪಣೆಯ ದನಿಯೂ ಅಲ್ಲ. ಬೆಳಗ್ಗೆ ಪೇಪರು ಹಿಡಿದುಕೊಂಡು ಜಗಲಿಯ ಮೇಲೆ ಕೂತ ಯಜಮಾನ ದಾರಿಹೋಕರ ಜೊತೆ ಮಾತಿಗಿಳಿದ ಹಾಗೆ. ಅವರ ಅಭಿಪ್ರಾಯಗಳನ್ನು ಒಪ್ಪದವರೂ ಮಾತು ಕೇಳಿದರು. ನಮ್ಮ ಬೀದಿಯಲ್ಲಿ ‘ಬಿಗ್ ಬುಲೆಟಿನ್’ಗೆ ಮಗ್ಗ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ಸುದ್ದಿ ಹೇಳಲು ಸಮಾರಂಭದ ಕನ್ನಡ ಬೇಕಿಲ್ಲ ಎಂದು ಅವರು ತೋರಿಸಿಕೊಟ್ಟರು. ಅದು ದೊಡ್ಡ ಕೆಲಸವೇ.

ಆದರೆ ಆ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಸಂಪಾದಕರಿಗೆ ಮನೆಮಾತು ಅಲಂಕಾರವಾಯಿತು. ಹೊಸದಾಗಿ ಕೆಲಸ ಕೇಳಿ ಬಂದವರಿಗೆ ಹಳೆಯ ಪರೀಕ್ಷೆಯೇ ಉಳಿಯಿತು. ಇಂಗ್ಲಿಷು ಎಷ್ಟು ಬೇಕಾದರೂ ಬೆರೆಯಬಹುದು, ವಾಕ್ಯ ಎಲ್ಲಿ ಬೇಕಾದರೂ ಮುರಿಯಬಹುದು, ದನಿ ಎಷ್ಟು ಬೇಕಾದರೂ ಏರಬಹುದು. ಹಕಾರ ಮಾತ್ರ ತಪ್ಪಬಾರದು.

*

ಈಗ ನನ್ನ ಪಾಲಿನ ಮಾತಿಗೆ ಬರುತ್ತೇನೆ.

ಎರಡು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ನೇಕಾರರ ಮನೆಯವಳು. ಟೀವಿಯಲ್ಲಿ ಸುದ್ದಿ ಓದಬೇಕೆಂಬುದು ಅವಳ ಆಸೆ. ಕನ್ನಡಿ ಮುಂದೆ ಪೇಪರು ಹಿಡಿದು ಅಭ್ಯಾಸ ಮಾಡುತ್ತಿದ್ದಳಂತೆ. ಗಟ್ಟಿ ದನಿ, ಗಟ್ಟಿ ನೆನಪು, ಹೆದರಿಕೆ ಇಲ್ಲ. ಒಂದೇ ತೊಡಕು, ನಮ್ಮ ಕಡೆಯ ಎಲ್ಲರಂತೆ ಅವಳ ಬಾಯಲ್ಲೂ ‘ಹ’ ನಿಲ್ಲುವುದಿಲ್ಲ. ಹಾಲು ‘ಆಲು’, ಹಣ ‘ಅಣ’, ಹೂವು ‘ಊವು’. ನಾನು ಅವಳಿಗೆ ಅಪರ್ಣಾ ಅವರ ಧ್ವನಿಮುದ್ರಿಕೆಗಳನ್ನು ಕಳಿಸಿ, ‘ಇವರ ಹಕಾರ ಕೇಳಿಸಿಕೋ, ಹಾಗೇ ಹೇಳು’ ಎಂದೆ. ಮೂರು ತಿಂಗಳು ಅಕ್ಕಿ-ಹಕ್ಕಿ, ಅರಿ-ಹರಿ, ಅತ್ತೆ-ಹತ್ತೆ ಎಂದು ತಿದ್ದಿದೆ.

ಬೆಂಗಳೂರಿನ ಒಂದು ವಾಹಿನಿಯಲ್ಲಿ ಅವಳಿಗೆ ಸ್ವರಪರೀಕ್ಷೆ ಇತ್ತು. ಮಳೆಗಾಲ. ಓದಲು ಕೊಟ್ಟದ್ದು ಜಲಾಶಯಗಳ ನೀರಿನ ಮಟ್ಟ. ಹಾರಂಗಿ, ಹೇಮಾವತಿ, ಆಲಮಟ್ಟಿ. ಇದಕ್ಕಿಂತ ದೊಡ್ಡ ಗುಂಡಿಯನ್ನು ಯಾರೂ ಬೇಕೆಂದೇ ತೋಡಲಾರರು. ಅವಳು ಹಾರಂಗಿಯನ್ನು ದಾಟಿದಳು, ಹೇಮಾವತಿಯನ್ನೂ ದಾಟಿದಳು. ಗೆದ್ದೆ ಅಂದುಕೊಂಡ ಉತ್ಸಾಹದಲ್ಲಿ ‘ಹಾಲಮಟ್ಟಿ’ ಎಂದುಬಿಟ್ಟಳು. ಗಾಜಿನ ಆಚೆ ಯಾರೋ ನಕ್ಕರು. ಆಮೇಲೆ ಎಲ್ಲವೂ ಕಲಸಿಹೋಯಿತು. ‘ಅಧಿಕಾರಿಗಳು’ ‘ಹಧಿಕಾರಿಗಳು’ ಆದರು. ಹೊರಗೆ ಬಂದಾಗ ಒಬ್ಬರು, ‘ಅಪರ್ಣಾ ಅವರನ್ನು ಕೇಳಿಸಿಕೋಮ್ಮ’ ಎಂದು ಬುದ್ಧಿ ಹೇಳಿ ಕಳಿಸಿದರಂತೆ.

ನಾನು ಹೇಳಿಕೊಟ್ಟದ್ದನ್ನೇ ಅವರೂ ಹೇಳಿದ್ದರು. ನನಗೆ ನಾಚಿಕೆಯಾದದ್ದು ಅದಕ್ಕೆ.

‘ಹ’ ಎನ್ನುವ ಈ ಅಕ್ಷರದ ಕಥೆಯನ್ನು ಸ್ವಲ್ಪ ನೋಡಬೇಕು. ಹಳಗನ್ನಡದಲ್ಲಿ ಈ ಪದಗಳೆಲ್ಲ ಪಕಾರದ್ದು. ಪಾಲು, ಪೂ, ಪುಲಿ, ಪಳ್ಳಿ, ಪೊಸ. ಸುಮಾರು ಹತ್ತನೆಯ ಶತಮಾನದಿಂದ ಆ ‘ಪ’ ಸಡಿಲವಾಗುತ್ತ ಬಂದು ಮುಂದಿನ ಕೆಲವು ಶತಮಾನಗಳಲ್ಲಿ ‘ಹ’ ಆಯಿತು. ಪಂಪಾ ಹಂಪೆಯಾಯಿತು. ಪಾಲು ಹಾಲಾದಾಗ ಹಳಬರು ಯಾರಾದರೂ ‘ಕನ್ನಡ ಕೆಟ್ಟಿತು’ ಎಂದು ಖಂಡಿತ ಗೊಣಗಿರುತ್ತಾರೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಆ ಪಯಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಾಲು ‘ಆಲು’ ಆಗಿದೆ. ನಮ್ಮ ಬೆಂಗಳೂರು ಗ್ರಾಮಾಂತರದ ತಾಲ್ಲೂಕುಗಳ ಹೆಸರಿನಲ್ಲೇ ಇದು ಕೂತಿದೆ. ಬೋರ್ಡಿನ ಮೇಲೆ ಹೊಸಕೋಟೆ, ಕಂಡಕ್ಟರ್ ಬಾಯಲ್ಲಿ ‘ಒಸ್ಕೋಟೆ’. ಬೋರ್ಡಿನ ಮೇಲೆ ದೇವನಹಳ್ಳಿ, ಸಂತೆಯಲ್ಲಿ ‘ದ್ಯಾವನಳ್ಳಿ’. ನಮ್ಮ ಕಸುಬಿನ ಹಾಸು ಹೊಕ್ಕುಗಳೂ ಮಗ್ಗದ ಮುಂದೆ ‘ಆಸು ಒಕ್ಕು’. ಹಾಗೆಂದು ನೇಯ್ದ ಸೀರೆ ಬಿಚ್ಚಿಕೊಂಡಿದ್ದಿಲ್ಲ.

ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳ ಬಗ್ಗೆ ಇಂಥದೇ ಪ್ರಶ್ನೆಯನ್ನು ಬಹಳ ಹಿಂದೆ ಎತ್ತಿದರು. ಹೆಚ್ಚಿನ ಕನ್ನಡಿಗರ ಬಾಯಲ್ಲಿ ಇಲ್ಲದ ಅಕ್ಷರಗಳನ್ನು ಬರವಣಿಗೆಯಲ್ಲಿ ಇಟ್ಟುಕೊಂಡು, ಅವುಗಳ ಆಧಾರದ ಮೇಲೆ ಜನರನ್ನು ಅಳೆಯುವುದು ಸರಿಯೇ ಎಂಬುದು ಅವರ ವಾದದ ಒಂದು ಎಳೆ. ಅವರ ಬರಹಸುಧಾರಣೆಯನ್ನು ನಾನು ಪೂರ್ತಿ ಒಪ್ಪಿದವನಲ್ಲ. ಆದರೆ ಆ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿನಿಯ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಾಗ ಅದು ವ್ಯಾಕರಣದ ಪ್ರಶ್ನೆಯಾಗಿ ಉಳಿಯಲಿಲ್ಲ. ಯಾರ ಮನೆಯ ಮಾತನ್ನು ಕನ್ನಡ ಎನ್ನುತ್ತೇವೆ, ಯಾರ ಮನೆಯದನ್ನು ತಪ್ಪು ಎನ್ನುತ್ತೇವೆ ಎಂಬ ಪ್ರಶ್ನೆಯಾಯಿತು. ನಮ್ಮೂರು ಕನ್ನಡಕ್ಕೆ ಒಬ್ಬ ದೊಡ್ಡ ವಿಮರ್ಶಕನನ್ನು ಕೊಟ್ಟ ಊರು. ಡಿ.ಆರ್. ನಾಗರಾಜ್ ಇದೇ ದೊಡ್ಡಬಳ್ಳಾಪುರದ ನೇಕಾರ ಕುಟುಂಬದಿಂದ ಬಂದವರು. ಅವರ ‘ಸಾಹಿತ್ಯ ಕಥನ’ವನ್ನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲೆ ಅದೇ ಬೀದಿಯ ಹುಡುಗಿಗೆ ‘ನಿನ್ನ ನಾಲಿಗೆ ಸರಿಯಿಲ್ಲ’ ಎನ್ನುತ್ತಿದ್ದೆ. ಎರಡನ್ನೂ ಒಂದೇ ದಿನ ಮಾಡಿದ್ದೇನೆ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ತಳ್ಳಿಹಾಕಲಾರೆ. ಸುದ್ದಿ ಇಡೀ ನಾಡಿಗೆ ಹೋಗುವಂಥದ್ದು. ಬೀದರಿನವರಿಗೂ ಕಾಸರಗೋಡಿನವರಿಗೂ ತಿಳಿಯಬೇಕು. ‘ಆರು ಮಂದಿ ಸಾವು’ ಎನ್ನುವಲ್ಲಿ ‘ಹಾರು ಮಂದಿ’ ಎಂದರೆ ಸಾವಿನ ಸುದ್ದಿಗೆ ಜನ ನಗುತ್ತಾರೆ. ಹಕ್ಕಿ ಜ್ವರದ ಸುದ್ದಿ ಅಕ್ಕಿ ಜ್ವರವಾದರೆ ಅಂಗಡಿಯವನು ಕಂಗಾಲಾಗುತ್ತಾನೆ. ಹಾಗಾಗಿ ಸುದ್ದಿ ಓದುವವರು ಹಕಾರ ಕಲಿಯಲಿ. ಕಲಿಸೋಣ. ಅದು ಕೆಲವು ತಿಂಗಳ ಅಭ್ಯಾಸ. ನನ್ನ ತಕರಾರು ಇರುವುದು ಅದನ್ನೇ ಬಾಗಿಲು ಮಾಡಿದ್ದರ ಬಗ್ಗೆ. ಕೆಲವು ತಿಂಗಳಲ್ಲಿ ಕಲಿಯಬಹುದಾದದ್ದನ್ನು ಮೊದಲ ಪರೀಕ್ಷೆ ಮಾಡಿ, ವರ್ಷಗಟ್ಟಲೆ ಹಿಡಿಯುವುದನ್ನು, ಎಂದರೆ ವಾಕ್ಯವನ್ನು ತಲುಪಿಸುವುದನ್ನು, ಹೆಸರಿಗೆ ಜಾಗ ಬಿಡುವುದನ್ನು, ಕೇಳುವವರಿದ್ದಾರೆಂಬ ಎಚ್ಚರವನ್ನು, ಪರೀಕ್ಷೆಯಲ್ಲೇ ಇಟ್ಟಿಲ್ಲ. ಅದರ ಫಲವನ್ನು ಜುಲೈ 11ರ ರಾತ್ರಿ ನೋಡಿದೆ. ಆ ಆ್ಯಂಕರ್ ಹುಡುಗನ ಹಕಾರದಲ್ಲಿ ಒಂದು ತಪ್ಪೂ ಇರಲಿಲ್ಲ.

‘ಅಚ್ಚ ಕನ್ನಡ’ ಎಂಬ ಹೊಗಳಿಕೆ ಈ ಏರ್ಪಾಟಿಗೆ ಅನುಕೂಲ ಮಾಡಿಕೊಡುತ್ತದೆ. ಅಪರ್ಣಾ ಅವರಿಗೆ ಆ ಉಚ್ಚಾರಣೆ ಮನೆಯಿಂದ, ಓದಿನಿಂದ ಬಂದಿರಬಹುದು. ಅವರು ದುಡಿದು ಗಳಿಸಿದ್ದು ಬೇರೆ. ನಾವು ಬಂದದ್ದನ್ನು ಹೊಗಳಿ ಗಳಿಸಿದ್ದನ್ನು ಮರೆತೆವು.

*

ಈ ಮಾತು ನನಗೆ ಹೊಳೆದದ್ದು ನನ್ನ ಬುದ್ಧಿಯಿಂದಲ್ಲ. ಪರೀಕ್ಷೆ ಕೆಟ್ಟು ಬಂದ ವಾರ ಆ ಹುಡುಗಿ ಸಿಕ್ಕಾಗ, ‘ಅಪರ್ಣಾ ಅವರದ್ದು ಇನ್ನೂ ಸರಿಯಾಗಿ ಕೇಳಿಸಿಕೋಬೇಕಿತ್ತಮ್ಮ’ ಎಂದೆ, ಬುದ್ಧಿಗೇಡಿಯಂತೆ. ಅವಳು ಸುಮ್ಮನಿರಲಿಲ್ಲ.

‘ಕೇಳಿಸ್ಕೊಂಡೆ ಸಾರ್. ದಿನಾ ಕೇಳಿಸ್ಕೊಂಡೆ. ನೀವು ಅಕಾರ ನೋಡ್ಕೋ ಅಂದ್ರಿ. ನಂಗೆ ಅವ್ರು ಉಸಿರು ಎಲ್ಲಿ ತಗೋತಾರೆ ಅನ್ನೋದೇ ಗೊತ್ತಾಗ್ತಿರಲಿಲ್ಲ. ಅದುನ್ನ ಉಡುಕ್ತಾ ಇದ್ದೆ.’

ಅವಳು ‘ಅಕಾರ’ ಎಂದದ್ದು ಹಕಾರಕ್ಕೆ. ‘ಉಡುಕ್ತಾ’ ಎಂದದ್ದು ಹುಡುಕುತ್ತಾ. ಆದರೆ ಅಪರ್ಣಾ ಅವರ ಮಾತಿನ ಬಗ್ಗೆ ಇಷ್ಟು ಸೂಕ್ಷ್ಮವಾದ ಇನ್ನೊಂದು ಮಾತನ್ನು ನಾನು ಆವರೆಗೆ ಕೇಳಿರಲಿಲ್ಲ, ಓದಿರಲೂ ಇಲ್ಲ. ಮನೆಗೆ ಹೋಗಿ ಮತ್ತೆ ಕೇಳಿದೆ. ಅವಳು ಹೇಳಿದ್ದು ನಿಜ. ಅರ್ಥ ಮುರಿಯದ ಜಾಗದಲ್ಲಿ ಮಾತ್ರ ಅವರು ಉಸಿರೆಳೆಯುತ್ತಾರೆ, ಅದೂ ಕೇಳಿಸದ ಹಾಗೆ. ಮೇಲೆ ಹೇಳಿದ ಮೂರು ಸಂಗತಿಗಳು ನನಗೆ ಕಂಡದ್ದು ಆಮೇಲೆ. ಮೇಷ್ಟ್ರು ಅಕ್ಷರ ಎಣಿಸುತ್ತಿದ್ದಾಗ ವಿದ್ಯಾರ್ಥಿ ಕಸುಬನ್ನು ಹಿಡಿದಿದ್ದಳು.

ಆ ವರ್ಷ ಘಾಟಿ ಸುಬ್ರಹ್ಮಣ್ಯದ ಬ್ರಹ್ಮರಥೋತ್ಸವಕ್ಕೆ ನಮ್ಮ ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಹೋಗಿದ್ದರು. ಇವಳಿಗೆ ಮೈಕಿನ ಕೆಲಸ ಬಿತ್ತು. ತೇರಿನ ದಿನ ಘಾಟಿಯ ಜನವನ್ನು ಕಂಡವರಿಗೆ ಗೊತ್ತು, ಒಂದು ಕೈ ಬಿಟ್ಟರೆ ಮಕ್ಕಳು ಕಳೆದೇ ಹೋಗುತ್ತವೆ. ನಾನು ಹಣ್ಣು ಕಾಯಿ ಸಾಲಿನಲ್ಲಿ ನಿಂತಿದ್ದಾಗ ಅವಳ ದನಿ ಬಂತು:

‘ತಾಯೀ, ಗಾಬರಿ ಬೀಳ್ಬೇಡಿ. ಮಗು ಉಷಾರಾಗೈತೆ, ನಮ್ಮತ್ರಾನೆ ಐತೆ.’

ಒಂದು ಗಳಿಗೆ ಬಿಟ್ಟಳು. ಆಮೇಲೆ ಮಗುವಿನ ಹೆಸರು, ನಿಧಾನಕ್ಕೆ. ಮತ್ತೆ ಹೆಸರು. ಅರಿಶಿನದ ಬಣ್ಣದ ಅಂಗಿ ‘ಆಕಿರೋ’ ಹುಡುಗ, ಮೂರು ವರ್ಷ ಇರಬಹುದು. ಎಲ್ಲಿಗೆ ಬರಬೇಕು, ಯಾವ ಗುರುತು ನೋಡಿಕೊಂಡು ಬರಬೇಕು. ಅಷ್ಟೆ. ಮೈಕು ಹಿಡಿದವರು ಸಾಮಾನ್ಯವಾಗಿ ‘ಒಂದು ಮಗು ಸಿಕ್ಕಿದೆ, ಪೋಷಕರು ಎಲ್ಲಿದ್ದರೂ ಕೂಡಲೇ ಬರತಕ್ಕದ್ದು’ ಎಂದು ಶುರು ಮಾಡುತ್ತಾರೆ. ಇವಳು ಆ ತಾಯಿಗೆ ಮೊದಲು ಯಾವ ಮಾತು ಕೇಳಿಸಬೇಕೋ ಅದನ್ನು ಮೊದಲು ಹೇಳಿದಳು. ಹತ್ತು ನಿಮಿಷದೊಳಗೆ ಒಬ್ಬ ಹೆಂಗಸು ಸೆರಗು ಬಾಯಿಗೆ ಹಿಡಿದುಕೊಂಡು ಜನರ ನಡುವೆ ನುಗ್ಗಿಕೊಂಡು ಹೋದಳು.

ಈಗ ನನ್ನ ಪಾಠ ಬದಲಾಗಿದೆ. ಸುದ್ದಿ ಓದುವ ಆಸೆಯವರು ಪ್ರತಿ ವರ್ಷ ಇಬ್ಬರು ಮೂವರು ಸಿಗುತ್ತಾರೆ. ಹಕಾರಕ್ಕೆ ವಾರಕ್ಕೆ ಅರ್ಧ ಗಂಟೆ, ಅದೂ ನಗುನಗುತ್ತ. ಮಿಕ್ಕ ಹೊತ್ತು ಅವರಿಗೆ ಪೇಪರಿನ ಒಂದು ತುಂಡು ಕೊಟ್ಟು, ‘ಇದನ್ನು ಯಾರಿಗೆ ಓದ್ತಿದ್ದೀಯ?’ ಎಂದು ಕೇಳುತ್ತೇನೆ. ಉತ್ತರ ಹೇಳಿದ ಮೇಲೆ ಓದಬೇಕು. ಅಪರ್ಣಾ ಅವರ ಧ್ವನಿಮುದ್ರಿಕೆಗಳನ್ನು ಈಗಲೂ ಕಳಿಸುತ್ತೇನೆ. ಏನನ್ನು ಕೇಳಿಸಿಕೊಳ್ಳಬೇಕೆಂದು ಹೇಳುವುದಿಲ್ಲ.

ಆ ಹುಡುಗಿ ಡಿಗ್ರಿ ಮುಗಿಸಿದ್ದಾಳೆ. ಇನ್ನೊಂದು ವಾಹಿನಿಯವರು ಅರ್ಜಿ ಕರೆದಿದ್ದಾರೆಂದು ಮೊನ್ನೆ ಫೋನ್ ಮಾಡಿದ್ದಳು. ಅಭ್ಯಾಸ ಹೇಗೆ ನಡೆದಿದೆ, ಮನೆಯಲ್ಲಿ ಯಾರಿಗೆ ಓದಿ ತೋರಿಸ್ತೀಯ ಎಂದು ಕೇಳಿದೆ.

‘ಅಪ್ಪಂಗೆ ಸಾರ್’ ಅಂದಳು. ‘ಮಗ್ಗ ಆಫ್ ಮಾಡ್ಸಿ.’